ಹಗೇವಿಗೆ ಬಿಟ್ಟ ದೀಪ

ಕಳೆದ ಸಂಕ್ರಾಂತಿ ಮುಗಿದ ವಾರದಲ್ಲಿ ನಮ್ಮ ಪಾಳುಮನೆಯ ಹಗೇವಿಗೆ ಒಂದು ಕುರಿ ಬಿತ್ತು. ಪಕ್ಕದ ಹೊಲದ ವಯಸ್ಸಾದ ಕುರಿಗಾರರೊಬ್ಬರು ಮಾರನೆಯ ಬೆಳಿಗ್ಗೆ ಅದನ್ನು ಹಗ್ಗ ಹಾಕಿ ಮೇಲೆತ್ತಿಸಿ, ಹೊಳಲ್ಕೆರೆಯಲ್ಲಿದ್ದ ನನಗೆ ಫೋನು ಮಾಡಿದರು. ನಾನು ಒಲೆಯ ಮುಂದೆ ನಿಂತಿದ್ದೆ. ಕೈ ಬಿಡುವಿಲ್ಲವೆಂದು ಫೋನನ್ನು ಸ್ಪೀಕರಿಗೆ ಹಾಕಿದೆ.

"ಮೇಡಮ್ಮಾರೆ, ನಿಮ್ ಹಗೇವು ಬಾಯ್ ತಕ್ಕಂಡು ಕುಂತೈತೆ. ಇವತ್ತು ಕುರಿ ಬಿತ್ತು, ನಾಳೆ ಮನುಷ್ಯರು ಬೀಳ್ತಾರೆ. ಒಂದ್ ಜೆಸಿಬಿ ತರಿಸಿ ಮುಚ್ಚಿಸಿಬಿಡ್ರಿ."

"ಕುರಿ ಏನಾತಣ್ಣ?"

"ಏನಾಗಿಲ್ಲ. ಕಾಲು ಉಳುಕೈತೆ ಅಷ್ಟೇ. ರಾತ್ರಿಯೆಲ್ಲಾ ಒಳಗೇ ಇತ್ತು. ಮೇಲಕ್ಕೆ ಬಂದದ್ದೇ ಮೇಯಕ್ಕೆ ನಿಂತ್ಕಂತು."

ಅಡುಗೆಮನೆಯ ಹೊಸ್ತಿಲ ಬಳಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದ ಕೈಗಳು, ಆದರೂ ನನಗಿಂತ ಚುರುಕು. ಆ ಕೈಗಳು ನಿಂತವು. "ಕುರಿ ಬದುಕೈತಾ?" ಎಂದು ಕೇಳಿದಳು. ಹೂಂ ಎಂದೆ. "ಬಾಯಿ ತೆರೆದಿತ್ತಲ್ಲ, ಅದಕ್ಕೇ ಬದುಕ್ತು" ಎಂದಳು. ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ಹೋಗಿ ಮಲಗಿದಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ, ಸಂಜೆಗೂ ಬರಲಿಲ್ಲ. ಅವರೆಕಾಳು ಸಾರಿಗೆ ಬೇಡ ಅನ್ನುವ ಹೆಂಗಸಲ್ಲ ನಮ್ಮವ್ವ. ನನಗೆ ಹೆದರಿಕೆಯಾಯಿತು.

ಹಗೇವು ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಆಳು ಇಳಿಯುವಷ್ಟು ಮಾತ್ರ, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಹುಳ ಬೀಳದಿರಲು ಕಾರಣ, ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಆದ್ದರಿಂದ ಹಗೇವು ತೆಗೆಯಲು ಒಂದು ಕ್ರಮ ಇತ್ತು. ಹಿಂದಿನ ಸಂಜೆಯೇ ಚಪ್ಪಡಿ ಸರಿಸಿ ರಾತ್ರಿಯೆಲ್ಲಾ ಬಾಯಿ ತೆರೆದಿಡಬೇಕು. ಬೆಳಿಗ್ಗೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ತಳದವರೆಗೂ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು.

ನಮ್ಮ ಪಾಳುಮನೆ ಇರುವುದು ಹೊಸದುರ್ಗದ ಕಡೆಯಿಂದ ಹೊಳಲ್ಕೆರೆಗೆ ಬರುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಂದೂವರೆ ಮೈಲಿ ಒಳಗೆ. ನಿಂತು ನೋಡಿದರೆ ರಾಮಗಿರಿ ಗುಡ್ಡ ಕಾಣುತ್ತದೆ. ಅದು ಅವ್ವ ಹುಟ್ಟಿದ ಮನೆ. ಮಾಳಿಗೆ ಎಂದೋ ಕುಸಿದು ಮಣ್ಣು ಮಣ್ಣಿಗೆ ಸೇರಿದೆ. ಉಳಿದಿರುವುದು ಮೂರು ಗೋಡೆ, ಒಂದು ಕಲ್ಲಿನ ಬಾಗಿಲುವಾಡ, ಕುರಿ ರೊಪ್ಪದ ಸುತ್ತಿನ ಕಲ್ಲುಗಳು, ಅಂಗಳದಲ್ಲಿ ಹಗೇವು. ಜಮೀನನ್ನು ಯಾರಾದರೂ ಉಳುತ್ತಾ ಬಂದರು, ಮನೆಯಲ್ಲಿ ಮಾತ್ರ ಯಾರೂ ಇರಲಿಲ್ಲ. ಅದರ ಕಲ್ಲನ್ನೂ ಯಾರೂ ಕದಿಯಲಿಲ್ಲ. ನಮ್ಮ ಕಡೆ ಪಾಳುಮನೆಯ ಕಲ್ಲು ಉಳಿದಿದೆ ಎಂದರೆ ಜನ ಅಷ್ಟು ಹೆದರಿದ್ದಾರೆ ಎಂದೇ ಅರ್ಥ.

ಒಂದೇ ಬೆಳಿಗ್ಗೆ ಆ ಮನೆಯ ಇಬ್ಬರು ಗಂಡಸರು ಸತ್ತರು. ಅವ್ವನ ಅಪ್ಪ ಮತ್ತು ಅವನ ತಮ್ಮ. ಮೈಮೇಲೆ ಒಂದು ಗೀರು ಇರಲಿಲ್ಲವಂತೆ. ತಿಥಿ ಮುಗಿದ ಮೇಲೆ ನಮ್ಮಜ್ಜಿ ಆರು ವರ್ಷದ ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಹಿರಿಯೂರು ಕಡೆಯ ತನ್ನ ಅಣ್ಣನ ಊರಿಗೆ ನಡೆದಳು. ತಿರುಗಿ ಬರಲಿಲ್ಲ. ಇಷ್ಟು ಮಾತ್ರ ನಿಜವೆಂದು ಗೊತ್ತಿದ್ದದ್ದು. ಉಳಿದದ್ದನ್ನು ಜನ ಸೇರಿಸಿದರು. ಅಜ್ಜಿ ಜಮೀನಿನ ಆಸೆಗೆ ಇಬ್ಬರನ್ನೂ ಮುಗಿಸಿದಳು ಎಂದರು, ಹಗೇವಿನ ತಳದಲ್ಲಿ ಚಿನ್ನದ ಕೊಡ ಇದೆ ಎಂದರು. ನಾನು ಚಿಕ್ಕವಳಿದ್ದಾಗ ಹೊಸದುರ್ಗದ ಸಂತೆಯಲ್ಲಿ ಒಬ್ಬ ಹೆಂಗಸು ಅವ್ವನನ್ನು ತೋರಿಸಿ, "ಇಬ್ಬರನ್ನ ನುಂಗಿದೋಳ ಮಗಳು" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅವ್ವ ತಿರುಗಿ ಒಂದು ಮಾತು ಆಡಲಿಲ್ಲ. ಸಿಟ್ಟು ಬಂದದ್ದು ನನಗೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೂವತ್ತು ವರ್ಷ ಶಾಲೆಯಲ್ಲಿ ಮೇಡಂ ಆಗಿದ್ದವಳಿಗೆ ಇರಬೇಕಾದದ್ದೇ. ಎರಡು ವರ್ಷದ ಹಿಂದೆ ನಿಧಿಗಳ್ಳರು ಬಂದು ಪಡಸಾಲೆಯನ್ನೆಲ್ಲ ಅಗೆದು, ಹಗೇವಿನ ಚಪ್ಪಡಿ ಸರಿಸಿ ಹೋಗಿದ್ದರು. ಕುರಿ ಬಿದ್ದದ್ದು ಹಾಗೆ.

ಮಾರನೆಯ ದಿನವೂ ಅವ್ವ ಮಲಗಿಯೇ ಇದ್ದಳು. ಮಂಚದ ತುದಿಯಲ್ಲಿ ಕುಳಿತು, "ಜೆಸಿಬಿಯವನಿಗೆ ಹೇಳ್ತೀನಿ, ಮುಚ್ಚಿಸಿಬಿಡಾಣ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಮುಚ್ಚೋಕೆ ಮುಂಚೆ ಒಂದ್ ಮಾತು ಕೇಳು. ಅವರಿಬ್ಬರನ್ನ ಕೊಂದೋಳು ನಮ್ಮವ್ವ ಅಲ್ಲ ಕಣೆ. ನಾನು."

ಅವಳು ಸೂರು ನೋಡುತ್ತಲೇ ಹೇಳಿದಳು. ಅವತ್ತು ಸಂಜೆ ಅಪ್ಪ, ಚಿಗಪ್ಪ ಸೇರಿ ಚಪ್ಪಡಿ ಸರಿಸಿ ರೊಪ್ಪಕ್ಕೆ ಮಲಗಲು ಹೋದರು. ಮರಿಗಳು ಅಂಗಳದಲ್ಲಿದ್ದವು. ಅದರಲ್ಲಿ ಒಂದು ಮರಿ ಇವಳದು, ತಾಯಿ ಸತ್ತದ್ದು, ಇವಳೇ ಹಾಲು ಕುಡಿಸಿ ಸಾಕಿದ್ದು. ಅದು ಎಲ್ಲಿ ಬಿದ್ದುಹೋಗುತ್ತದೋ ಎಂದು ಹೆದರಿ, ಎರಡು ಗೋಣಿಚೀಲವನ್ನು ಬಾಯಿಯ ಮೇಲೆ ಹರಡಿ ಸುತ್ತ ಕಲ್ಲು ಹೇರಿದಳು. ಬೆಳಗಿನ ಜಾವ ಗಂಡಸರು ಏಳುವ ಮುಂಚೆ ಬೈಗುಳ ತಪ್ಪಿಸಿಕೊಳ್ಳಲು ಗೋಣಿ ತೆಗೆದು ಬಚ್ಚಿಟ್ಟಳು.

"ದೀಪ ಬಿಡು ಅಂತ ನಮ್ಮವ್ವ ಅಂದ್ಲು. ರಾತ್ರಿಯೆಲ್ಲಾ ತೆರೆದಿತ್ತಲ್ಲ, ಇನ್ನೇನ್ ದೀಪ, ಹೊತ್ತಾತು ಅಂದ ಅಪ್ಪ. ಇಳಿದ. ಕೂಗಿದ್ರೆ ಓಗೊಡಲಿಲ್ಲ. ಚಿಗಪ್ಪ ಎತ್ತಾಕೆ ಅಂತ ಇಳಿದ. ಅವನೂ ಓಗೊಡಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಗೋಣಿ ಹಾಕಿದ್ದೆ ಅಂತ ಒಂದ್ ಮಾತು ಹೇಳಿದ್ರೆ ಅಪ್ಪ ದೀಪ ಬಿಡ್ತಿದ್ದ. ನಾನು ಹೇಳಲಿಲ್ಲ."

ಎಪ್ಪತ್ತೈದು ವರ್ಷಕ್ಕೂ ಮೇಲಿನ ಮಾತು. ನಮ್ಮಪ್ಪನಿಗೂ ಹೇಳಿರಲಿಲ್ಲ. ಅವ್ವನಿಗೆ ಒಂದು ಚಾಳಿ ಇತ್ತು, ಮುಚ್ಚಿಟ್ಟದ್ದನ್ನು ತೆರೆದಿಡುವುದು. ಅನ್ನದ ತಪ್ಪಲೆ, ಹಿಟ್ಟಿನ ಡಬ್ಬ, ಮಳೆಗಾಲದಲ್ಲಿ ಕಿಟಕಿ, ಯಾವುದೂ ಮುಚ್ಚಿರಬಾರದು. ನೊಣ ಮುತ್ತುತ್ತವೆ ಎಂದು ನಾನು ದಿನಾ ಜಗಳ ಆಡುತ್ತಿದ್ದೆ, ನಿನಗೆ ಅರುಳು ಮರುಳು ಎಂದು ರೇಗಿಸುತ್ತಿದ್ದೆ. ಅವತ್ತು ನನ್ನ ಮೇಲೆ ನನಗೇ ನಾಚಿಕೆಯಾಯಿತು.

ನಾನು ಪಾಠ ಹೇಳಿದ್ದು ವಿಜ್ಞಾನ. ಇಂಗಾಲದ ಡೈ ಆಕ್ಸೈಡು ಗಾಳಿಗಿಂತ ಭಾರ, ತಗ್ಗಿನಲ್ಲಿ ಕುಳಿತರೆ ಬಾಯಿ ತೆರೆದ ಮಾತ್ರಕ್ಕೆ ಎದ್ದು ಹೋಗುವುದಿಲ್ಲ ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೋ. ಅವ್ವನಿಗೂ ಹೇಳಿದೆ. ಗೋಣಿ ಹಾಕಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ, ಗೋಣಿಯಲ್ಲಿ ತೂತಿರುತ್ತವೆ, ನಿನ್ನ ತಪ್ಪಿಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕುರಿ ಬದುಕೈತಲ್ಲ. ಅದಕ್ಕೇನಂತೀಯ?"

"ಈಗ ಅದರಾಗೆ ರಾಗಿ ಇಲ್ಲವ್ವ. ಖಾಲಿ ಗುಂಡಿ. ರಾಗಿ ಇದ್ರೆ ಅಲ್ವಾ ಗಾಳಿ ಕೆಡೋದು?"

"ನೀನು ನನ್ನ ಮಗಳು. ಹಂಗೇ ಹೇಳ್ತೀಯ" ಎಂದು ಗೋಡೆ ಕಡೆ ಹೊರಳಿದಳು.

ಈ ಮಾತು ನನಗೆ ನಾಟಿತು. ನನ್ನ ಪಾಠವನ್ನು ನಂಬದ ವಿದ್ಯಾರ್ಥಿಗೆ ನಾನು ಯಾವತ್ತೂ ನಂಬು ಎಂದು ಹೇಳಿದವಳಲ್ಲ, ಮಾಡಿ ತೋರಿಸಿದವಳು. ಜೆಸಿಬಿಯವನಿಗೆ ಫೋನು ಮಾಡಿ ಈಗ ಬರಬೇಡ ಎಂದೆ. ಆ ಹಗೇವಿಗೆ ಮತ್ತೆ ರಾಗಿ ತುಂಬಿಸುತ್ತೇನೆ, ಮುಚ್ಚುತ್ತೇನೆ, ತೆಗೆಯುತ್ತೇನೆ, ಅವ್ವನ ಕಣ್ಣೆದುರಿಗೆ ದೀಪ ಬಿಡುತ್ತೇನೆ ಎಂದು ನಿಶ್ಚಯಿಸಿದೆ.

ಕುರಿಗಾರರಿಗೆ ವಿಷಯ ಹೇಳಲೇಬೇಕಿತ್ತು, ಅವರ ಸಹಾಯವಿಲ್ಲದೆ ಆಗುವ ಕೆಲಸವಲ್ಲ. ಪಾಳುಮನೆಯ ಗೋಡೆ ನೆರಳಲ್ಲಿ ಕೂತು ಎಲ್ಲ ಹೇಳಿದೆ. ಎಪ್ಪತ್ತರ ಮೇಲಿನ ಮನುಷ್ಯ, ಇನ್ನೂ ದಿನಾ ಕುರಿ ಹಿಂದೆ ನಡೆಯುವವರು. ಅವರು ಕಂಬಳಿಯ ಅಂಚು ತಿಕ್ಕುತ್ತಾ ಹೇಳಿದರು.

"ಗೋಣಿ ವಿಷ್ಯ ನಮ್ಮವ್ವ ಹೇಳ್ತಿದ್ಲು. ಆವತ್ತು ಅವಳು ಇಲ್ಲೇ ನಿಂತಿದ್ಲಂತೆ. ಹೆಣ ಎತ್ತಿದ ಮೇಲೆ ಯಾರೋ ಗೋಣಿ ನೋಡಿದ್ರು, ಕಲ್ಲಿನ ಗುರುತು ನೋಡಿದ್ರು. ಯಾರು ಮುಚ್ಚಿದ್ದು ಅಂತ ಎದ್ದ್ರು. ನಿಮ್ಮಜ್ಜಿ ಎದುರಿಗೆ ಬಂದು, ನಾನೇ ಹಾಕಿದ್ದು ಅಂದ್ಲಂತೆ."

"ಅಜ್ಜಿ ಹಂಗಂದ್ರಾ?"

"ಹೂನ್ರಿ. ಅದಕ್ಕೇ ಜನ ಹಂಗೆ ಮಾತಾಡಿದ್ದು. ಬೇಕಂತಲೇ ಮುಚ್ಚಿದ್ಲು ಅಂತ. ನಮ್ಮವ್ವಂಗೆ ಮಾತ್ರ ಅನುಮಾನ ಇತ್ತು. ಆಯಮ್ಮ ಹಂಗನ್ನುವಾಗ ಮಗೀನ ಸೆರಗಿನಾಗೆ ಒತ್ತಿ ಹಿಡ್ಕಂಡಿದ್ಲಂತೆ, ಕಿವಿ ಮುಚ್ಚಿ."

ಮನೆಗೆ ಬಂದು ಇದನ್ನು ಅವ್ವನಿಗೆ ಹೇಳಬೇಕೋ ಬೇಡವೋ ಎಂದು ಒಂದು ಗಂಟೆ ಒದ್ದಾಡಿದೆ. ಸಮಾಧಾನವಾಗುತ್ತದೆ ಎಂದುಕೊಂಡು ಹೇಳಿಬಿಟ್ಟೆ. ನನ್ನ ಬುದ್ಧಿಗೆ ಬೆಂಕಿ ಹಾಕ. ಅವ್ವ ಕಲ್ಲಾಗಿ ಕೂತಳು. "ನಮ್ಮವ್ವ ನನಗೆ ಒಂದಿನ ಬೈದಿಲ್ಲ ಕಣೆ. ಬೈದಿದ್ರೆ ಚೆನ್ನಾಗಿತ್ತು" ಎಂದಳು. ಆಮೇಲೆ ಬೆರಳು ಮಡಚಿ ಎಣಿಸಿದಳು. "ಅಪ್ಪ, ಚಿಗಪ್ಪ, ಈಗ ನಮ್ಮವ್ವ. ಮೂರು ಜನ ಆದ್ರು."

ಆ ಮೂರನೆಯ ಬೆರಳು ಮಡಚಿದ್ದನ್ನು ನೋಡಿದ ಮೇಲೆ ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವ್ವ ಹೀಗೇ ಸತ್ತರೆ ಆ ಬೆರಳುಗಳನ್ನು ಮಡಚಿಕೊಂಡೇ ಹೋಗುತ್ತಾಳೆ. ಅದಕ್ಕೆ ನಾನು ಬಿಡುವುದಿಲ್ಲ ಎಂದುಕೊಂಡೆ.

ಕೆಲಸ ಶುರುವಾಯಿತು. ಯಾರೂ ಒಳಗೆ ಇಳಿಯಕೂಡದು ಎಂಬುದು ಮೊದಲ ನಿಯಮ. ಕುರಿಗಾರರ ಇಬ್ಬರು ಗಂಡುಮಕ್ಕಳು, ಇಬ್ಬರೂ ನಲವತ್ತು ದಾಟಿದವರು, ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ಒಳಗಿನ ಕಸಕಡ್ಡಿ ಎಳೆದರು. ಬಾಯಿಯ ಸುತ್ತಿನ ಕಲ್ಲು ಸರಿಮಾಡಿದರು. ಅವತ್ತು ಹಗೇವಿನಲ್ಲಿ ಎಷ್ಟು ರಾಗಿ ಇತ್ತು ಎಂದು ಅವ್ವನನ್ನು ಕೇಳಿದ್ದೆ. "ತಳ ಹತ್ತಿತ್ತು, ಐದಾರು ಚೀಲ ಇತ್ತೇನೋ" ಎಂದಿದ್ದಳು. ಹಾಗಾಗಿ ನಮ್ಮ ಹೊಲದ್ದೇ ಆರು ಚೀಲ ರಾಗಿ ತರಿಸಿದೆ.

ಐದನೆಯ ಚೀಲ ಸುರಿಯುವಾಗ ಬೈಕಿನಲ್ಲಿ ಒಬ್ಬ ಪೊಲೀಸಿನವನು ಬಂದ. ಯಾರೋ ಪುಣ್ಯಾತ್ಮ ಫೋನು ಮಾಡಿ ನಿಧಿ ತೆಗೆಯುತ್ತಿದ್ದಾರೆ ಎಂದು ಹೇಳಿದ್ದ. ಹಗೇವಿನ ಸುತ್ತ ಎರಡು ಸುತ್ತು ಬಂದ, ಬಗ್ಗಿ ನೋಡಿದ, ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿ ನೋಡಿದ.

"ಏನ್ರಿ ಮೇಡಂ ಇದು?"

"ರಾಗಿ."

"ಅದು ಗೊತ್ತಾತು. ಗುಂಡಿಯಿಂದ ತೆಗಿಯೋರನ್ನ ಹಿಡಿದೀನಿ. ಗುಂಡಿಗೆ ಹಾಕೋರನ್ನ ಏನ್ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ."

"ಉಳಿದ ಚೀಲಕ್ಕೆ ಒಂದ್ ಕೈ ಹಾಕ್ರಿ" ಎಂದೆ. ಪಾಪ, ಹಾಕಿದ. ನೀರು ಕುಡಿದು ಹೋದ.

ಚಪ್ಪಡಿ ಎಳೆಯುವ ಮುಂಚೆ ಕುರಿಗಾರರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಮ್ಮಾರೆ, ಒಂದ್ ಕೊಡ ನೀರು ಚಿಮುಕಿಸಿಬಿಡಾಣ. ರಾಗಿ ಮುಗ್ಗಿದ್ರೆ ಗಾಳಿ ಪಕ್ಕಾ ಕೆಡ್ತೈತೆ. ದೀಪ ಗ್ಯಾರಂಟಿ ಆರ್ತೈತೆ. ಅವ್ವಾರಿಗೆ ಸಮಾಧಾನ ಆತು ಅಂದ್ರೆ ಆತಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಒಣಗಿದ ರಾಗಿ ಒಂದು ತಿಂಗಳಲ್ಲಿ ಎಷ್ಟು ಗಾಳಿ ಕೆಡಿಸುತ್ತದೋ ನನಗೂ ಖಾತ್ರಿ ಇರಲಿಲ್ಲ. ದೀಪ ಆರದೆ ತಳದವರೆಗೂ ಉರಿದರೆ, ನಾನೇ ಕೈಯಾರೆ ಅವ್ವನ ತಪ್ಪನ್ನು ಸಾಬೀತು ಮಾಡಿದಂತೆ. ಆದರೆ ಆ ಕೊಡ ನೀರು ಹಾಕಿದರೆ ನನ್ನ ಜೀವಮಾನದ ಪಾಠವೆಲ್ಲ ನೀರುಪಾಲು. ಅದಕ್ಕಿಂತ ಹೆಚ್ಚಾಗಿ, ಅವ್ವ ಕೇಳುತ್ತಾಳೆ. ನನ್ನ ಮುಖ ನೋಡಿ, ನೀನೇನಾದರೂ ಮಾಡಿದೆಯಾ ಎಂದು ಕೇಳಿದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. "ಬೇಡಣ್ಣ" ಎಂದೆ. ಅವರು ತಲೆ ಕೆರೆದುಕೊಂಡು ಕೊಡ ಎತ್ತಿಟ್ಟರು. ಚಪ್ಪಡಿ ಎಳೆದು, ಮಣ್ಣು ಮೆತ್ತಿ, ಮೇಲೆ ಮುಳ್ಳು ಹೇರಿ ಬಂದೆವು.

ಒಂದು ತಿಂಗಳಾದ ಮೇಲೆ, ಶಿವರಾತ್ರಿ ಕಳೆದು, ಮೊದಲ ಸಲ ತೆಗೆದೆವು. ಅವ್ವನನ್ನು ಕರೆದಿರಲಿಲ್ಲ. ಈ ಸಲ ಅವಳು ಮಾಡಿದಂತೆಯೇ ಮಾಡಿದೆ. ಸಂಜೆ ಚಪ್ಪಡಿ ಸರಿಸಿ, ಎರಡು ಗೋಣಿಚೀಲ ಹರಡಿ, ಸುತ್ತ ಕಲ್ಲು ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ಗೋಣಿ ತೆಗೆದೆವು. ಒಂದು ತಟ್ಟೆಗೆ ಮೂರು ಹುರಿ ಕಟ್ಟಿ ತಕ್ಕಡಿಯ ಹಾಗೆ ಮಾಡಿ, ಅದರಲ್ಲಿ ಹರಳೆಣ್ಣೆ ಹಣತೆ ಇಟ್ಟು, ಮೊಳಕ್ಕೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಟ್ಟೆ. ನಾಲ್ಕನೆಯ ಗಂಟಿಗೆ ದೀಪ ಆರಿತು. ಮೂರು ಸಲ ಬಿಟ್ಟೆ, ಮೂರು ಸಲವೂ ಅಲ್ಲೇ ಆರಿತು. ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಗೋಣಿ ಹಾಕಿದರೆ ದೀಪ ಆರುತ್ತದೆ ಎಂದಾಯಿತು. ಗೋಣಿ ಹಾಕದಿದ್ದರೂ ಆರಬೇಕು, ಆಗಲೇ ಅವ್ವ ಬಿಡುಗಡೆ. ಮತ್ತೆ ಚಪ್ಪಡಿ ಎಳೆದು ಮೆತ್ತಿದೆವು.

ಎರಡನೆಯ ಸಲ ತೆಗೆದದ್ದು ಯುಗಾದಿಗೆ ನಾಲ್ಕು ದಿನ ಮುಂಚೆ. ಸಂಜೆ ಚಪ್ಪಡಿ ಸರಿಸಿ ಬಾಯಿ ಪೂರ್ತಿ ತೆರೆದಿಟ್ಟೆವು. ಗೋಣಿ ಇಲ್ಲ, ಕಡ್ಡಿ ಇಲ್ಲ. ಕುರಿಗಾರರ ಮಕ್ಕಳು ಕಾವಲಿದ್ದರು. ಮನೆಗೆ ಬಂದು ಅವ್ವನಿಗೆ, "ನಾಳೆ ನಿನ್ನ ಮನೆಗೆ ಹೋಗಾಣ" ಎಂದೆ. ಆ ಮನೆಗೆ ಅವಳು ಹೊರಟು ಬಂದ ಮೇಲೆ ಒಮ್ಮೆಯೂ ಹೋಗಿರಲಿಲ್ಲ. ಬರುವುದಿಲ್ಲ ಎಂದಳು. ಎರಡು ತಿಂಗಳಿಂದ ಮಾಡಿದ್ದನ್ನೆಲ್ಲ ಹೇಳಿದೆ, ದೀಪ ಎಷ್ಟು ಮೊಳಕ್ಕೆ ಆರಿತು ಎಂಬುದೊಂದನ್ನು ಬಿಟ್ಟು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ರಾಗಿಗೆ ನೀರು ಗೀರು ಹಾಕಿಲ್ಲ ತಾನೆ?"

"ಇಲ್ಲ."

ನನ್ನ ಮುಖವನ್ನು ಚೆನ್ನಾಗಿ ನೋಡಿದಳು. "ಹಂಗಾದ್ರೆ ಬರ್ತೀನಿ" ಎಂದಳು.

ಬೆಳಿಗ್ಗೆ ಪರಿಚಯದ ಆಟೋದಲ್ಲಿ ಹೋದೆವು. ಕೊನೆಯ ಒಂದೂವರೆ ಮೈಲಿ ಆಟೋ ಕುಲುಕಿದ್ದಕ್ಕೆ ನನ್ನ ಸೊಂಟ ಹಿಡಿದುಕೊಂಡಿತು, ಅವ್ವ ಮಾತ್ರ ಕಂಬಿ ಹಿಡಿದು ನೆಟ್ಟಗೆ ಕೂತಿದ್ದಳು. ಇಳಿದವಳು ನೇರವಾಗಿ ಬಾಗಿಲುವಾಡದ ಹತ್ತಿರ ಹೋಗಿ ಅದರ ಮೇಲಿನ ಕಲ್ಲನ್ನು ನೋಡುತ್ತಾ ನಿಂತಳು. ಒಳಗೆ ಹೋಗಲಿಲ್ಲ. ಕುರಿಗಾರರು ಹಗೇವಿನಿಂದ ಸ್ವಲ್ಪ ದೂರದಲ್ಲಿ ಕಂಬಳಿ ಹಾಸಿ, "ಕುಂತ್ಕಳ್ರಿ ಅವ್ವಾರೆ" ಎಂದರು. ಅವಳು ಕೂರಲಿಲ್ಲ. ಹಗೇವಿನ ಬಾಯಿಯ ಹತ್ತಿರ ಬಂದು ಸುತ್ತಲೂ ನೋಡಿ, "ರಾತ್ರಿ ಯಾರೂ ಏನೂ ಮುಚ್ಚಲಿಲ್ವಾ?" ಎಂದು ಕುರಿಗಾರರ ದೊಡ್ಡ ಮಗನನ್ನು ಕೇಳಿದಳು. "ಇಲ್ಲವ್ವ. ನಾನೇ ಇಲ್ಲಿದ್ದೆ" ಎಂದ.

ನಾನು ಹಣತೆ ಹಚ್ಚಿದೆ. ಮೊದಲ ಗಂಟು, ಎರಡನೆಯದು, ಮೂರನೆಯದು. ನಾಲ್ಕನೆಯ ಗಂಟು ಕೈಯಿಂದ ಜಾರುವಾಗ ಬಗ್ಗಿ ನೋಡಿದೆ. ದೀಪ ಉರಿಯುತ್ತಿತ್ತು.

ಗೋಣಿ ಇದ್ದಾಗ ನಾಲ್ಕಕ್ಕೆ ಆರಿದ ದೀಪ ಈಗ ನಾಲ್ಕಕ್ಕೆ ಉರಿಯುತ್ತಿದೆ. ಅವ್ವನ ಕಡೆ ನೋಡಲು ಧೈರ್ಯವಾಗಲಿಲ್ಲ. ಹಗ್ಗ ಅಲ್ಲೇ ಹಿಡಿದು ನಿಂತೆ. "ಬಿಡು, ಯಾಕ್ ನಿಂತೆ?" ಎಂದಳು ಅವ್ವ. ಬಿಟ್ಟೆ. ಐದನೆಯ ಗಂಟಿಗೆ ಕುಡಿ ಸಣ್ಣಗಾಯಿತು, ಒಮ್ಮೆ ಉದ್ದವಾಯಿತು, ಆರಿತು.

ಮೇಲೆಳೆದು ಮತ್ತೆ ಹಚ್ಚಿ ಬಿಟ್ಟೆ. ಐದಕ್ಕೆ ಆರಿತು. ಮೂರನೆಯ ಸಲ ಅವ್ವ ಹಗ್ಗ ಕಸಿದುಕೊಂಡು ತಾನೇ ಬಿಟ್ಟಳು. ಐದಕ್ಕೇ ಆರಿತು.

ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಮೊದಲ ಸಲದ ಲೆಕ್ಕ ಅವ್ವನಿಗೆ ಗೊತ್ತಿರಲಿಲ್ಲ. ಕುರಿಗಾರರು ನನಗೆ ಕಣ್ಣಿನಲ್ಲೇ ಸುಮ್ಮನಿರಿ ಎಂದರು. ಆದರೆ ನೀರು ಹಾಕದವಳು ಇದನ್ನು ಮಾತ್ರ ಹೇಗೆ ಮುಚ್ಚಿಡಲಿ? "ಗೋಣಿ ಹಾಕಿದಾಗ ನಾಲ್ಕು ಮೊಳಕ್ಕೆ ಆರಿತ್ತವ್ವ. ಹಾಕದೆ ಇದ್ರೆ ಐದಕ್ಕೆ. ಒಂದ್ ಮೊಳ ವ್ಯತ್ಯಾಸ ಐತೆ" ಎಂದೆ.

ಅವ್ವ ಹಗ್ಗ ಹಿಡಿದು ಯೋಚಿಸಿದಳು. "ರಾಗಿ ಎಷ್ಟ್ ಮೊಳಕ್ಕೈತೆ?"

"ಒಂಬತ್ತಕ್ಕೆ."

ಹಗ್ಗ ಎಳೆದುಕೊಂಡು ಬಾಗಿಲುವಾಡದ ಹತ್ತಿರ ಹೋದಳು. ಒಂದು ತುದಿಯನ್ನು ನೆಲದಲ್ಲಿ ಕಾಲಿನಿಂದ ಮೆಟ್ಟಿ, ಉಳಿದ ಹಗ್ಗವನ್ನು ನನ್ನ ಕೈಗೆ ಕೊಟ್ಟು ಮೇಲಿನ ಕಲ್ಲಿನವರೆಗೆ ಹಿಡಿಸಿದಳು. ನಾಲ್ಕು ಮೊಳಕ್ಕೆ ಸ್ವಲ್ಪ ಕಡಿಮೆ ಬಂತು. "ನಮ್ಮಪ್ಪ ಇದರಾಗೆ ತಲೆ ಬಗ್ಗಿಸ್ಕಂಡು ಬರ್ತಿದ್ದ. ನಾಲ್ಕು ಮೊಳದ ಆಳು ಅಂತಿಟ್ಕ. ಒಂಬತ್ತರಾಗೆ ನಿಂತ್ರೆ ಅವನ ತಲೆ ಐದಕ್ಕೆ ಬರ್ತೈತೆ." ಓದು ಬರಹ ಕಲಿಯದ ಹೆಂಗಸು, ನಾನು ಎರಡು ತಿಂಗಳಿಂದ ಕಾಗದದಲ್ಲಿ ಗೀಚಿದ್ದನ್ನು ಹಗ್ಗದಲ್ಲೇ ಮಾಡುತ್ತಿದ್ದಳು.

"ರಾಗಿ ತುಂಬೋನು ನಿಂತ್ಕಂಡು ತುಂಬ್ತಾನಾ?" ಎಂದು ತನಗೆ ತಾನೇ ಕೇಳಿಕೊಂಡಳು. "ಬಗ್ಗಲೇಬೇಕು. ಬುಟ್ಟಿಗೆ ಬಗ್ಗಲೇಬೇಕು."

"ಹೂಂ."

"ಗೋಣಿ ಇದ್ರೂ ಸಾಯ್ತಿದ್ದ. ಇಲ್ಲದಿದ್ರೂ ಸಾಯ್ತಿದ್ದ."

"ಹೂನವ್ವ."

"ದೀಪ ಬಿಟ್ಟಿದ್ರೆ ಬದುಕ್ತಿದ್ದ."

ನಾನು ತಲೆ ಆಡಿಸಿದೆ. ಅವಳ ಮುಖದಲ್ಲಿ ಸಮಾಧಾನ ಬರುತ್ತದೆ ಎಂದು ಕಾದೆ. ಬಂದದ್ದು ಸಿಟ್ಟು. ನಾನು ನಮ್ಮವ್ವನಲ್ಲಿ ಎಂದೂ ನೋಡದ ಸಿಟ್ಟು. ಸಂತೆಯಲ್ಲಿ ಅಂದವರ ಮೇಲೆ ಬಾರದ್ದು, ಊರಿನ ಮೇಲೆ ಬಾರದ್ದು, ಅವತ್ತು ಬಂತು. ಹಗೇವಿನ ಬಾಯಿಗೆ ಬಂದು ಒಳಗೆ ಬಗ್ಗಿದಳು. ಬೀಳುತ್ತಾಳೆಂದು ನಾನೂ ಕುರಿಗಾರರೂ ಎರಡೂ ಕಡೆ ರೆಟ್ಟೆ ಹಿಡಿದೆವು.

"ದೀಪ ಬಿಡು ಅಂದ್ಲಲ್ಲಪ್ಪ ನಮ್ಮವ್ವ. ಅವಳ ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಏನ್ ಅವಸರ ಇತ್ತು ನಿಂಗೆ? ಒಂದ್ ದೀಪ ಬಿಡಾಕೆ ಎಷ್ಟ್ ಹೊತ್ತು ಬೇಕು? ನೋಡು, ನಾನು ಈಗ ಬಿಟ್ಟೆ. ಇಷ್ಟೇ ಹೊತ್ತು. ಇಷ್ಟೇ."

ದನಿ ಒಳಗೆ ಹೋಗಿ ಗುಂಯ್ ಎಂದು ತಿರುಗಿ ಬಂತು. ಅವಳು ಬೈದಳು, ಬಾಯಿಗೆ ಬಂದಂತೆ ಬೈದಳು. ಹೆಂಡತಿಯ ತಲೆಗೆ ಅಪವಾದ ಕಟ್ಟಿ ಹೋದವನು ಎಂದಳು, ತಮ್ಮನನ್ನೂ ಕರೆದುಕೊಂಡು ಹೋದವನು ಎಂದಳು. ಕುರಿಗಾರರು ಮುಖ ತಿರುಗಿಸಿಕೊಂಡು ನಿಂತರು. ಬೈದು ಬೈದು ದನಿ ಸೋತ ಮೇಲೆ ಅಲ್ಲೇ ನೆಲಕ್ಕೆ ಕೂತಳು. ಆಮೇಲೆ ಅಳು ಬಂತು. ಎಂಬತ್ತು ದಾಟಿದವರು ಅಳುವ ಹಾಗಲ್ಲ, ಜೋರಾಗಿ, ಮೂಗು ಸೋರುತ್ತಾ, ಅಪ್ಪಾ ಅಪ್ಪಾ ಎಂದು. ನಾನು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟೆ. ಬಿಸಿಲು ಏರುವವರೆಗೂ ಅತ್ತಳು.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅವತ್ತು ಎಲ್ರೂ ಅತ್ರು ಕಣೆ. ನಾನೊಬ್ಳೇ ಅಳಲಿಲ್ಲ. ಕೊಂದೋಳು ಹೆಂಗೆ ಅಳದು ಅಂತ ಸುಮ್ನಿದ್ದೆ."